ತೋಡಿಯ ಮೇಲೊಂದು ಬೀಗ: ಇಪ್ಪತ್ತು ವರ್ಷ ಬಳಸಿದ ಒಂದು ಸಿ.ಡಿ.ಯ ವಿಮರ್ಶೆ

ಎರಡು ಸಿ.ಡಿ.ಗಳ ಈ ಸಂಪುಟವನ್ನು ನಾನು ಕೊಂಡದ್ದು 2005ರ ಜುಲೈ 26ರ ಮಂಗಳವಾರ, ಊಟದ ವಿರಾಮದಲ್ಲಿ, ಮುಂಬಯಿಯ ಫೋರ್ಟ್ ಭಾಗದ ಒಂದು ಅಂಗಡಿಯಲ್ಲಿ. ದಿನಾಂಕ ನೆನಪಿರುವುದು ನನ್ನ ಸ್ಮರಣಶಕ್ತಿಯ ಹೆಚ್ಚುಗಾರಿಕೆಯಿಂದಲ್ಲ. ಆ ಒಂದೇ ದಿನದಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು ಊರಿಗೆ ಊರೇ ನೀರಲ್ಲಿ ನಿಂತಿತ್ತು. ಕುರ್ಲಾದ ಬಳಿ ನಿಂತುಬಿಟ್ಟ ಲೋಕಲ್‌ನಲ್ಲಿ ರಾತ್ರಿ ಕಳೆದು, ಮರುದಿನ ಸ್ವಲ್ಪ ನಡೆದು, ಸ್ವಲ್ಪ ಯಾರದೋ ಟ್ರಕ್ ಹತ್ತಿ, ಸಂಜೆ ಡೊಂಬಿವಲಿಯ ಮನೆ ಮುಟ್ಟಿದಾಗ ನನ್ನ ಮೈಮೇಲೆ ಒಣಗಿದ್ದ ವಸ್ತು ಒಂದೇ: ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡಿದ್ದ ಈ ಸಿ.ಡಿ. ಅಷ್ಟು ಮಳೆಯಲ್ಲಿ ಕೆಡದ ವಸ್ತುವನ್ನು ಅದನ್ನು ತಯಾರಿಸಿದವರೇ ಮೊದಲೇ ಕೆಡಿಸಿ ಮಾರಿದ್ದರೆಂಬುದು ತಿಳಿಯಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ಸಂಗೀತದ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದರ ಬಗ್ಗೆ ನನ್ನ ದೂರು ಏನೂ ಇಲ್ಲ. ಧಾರವಾಡದ ಕಡೆಯ ಹಿರಿಯ ಗಾಯಕರೊಬ್ಬರ ಬೆಳಗಿನ ಕಛೇರಿಯ ಧ್ವನಿಮುದ್ರಣವಿದು. ಮೊದಲ ಸಿ.ಡಿ.ಯಲ್ಲಿ ಬೆಳಗಿನ ರಾಗವಾದ ಮಿಯಾ ಕೀ ತೋಡಿ. ತಂಬೂರಿಗಳು ಹೊಂದಿಕೊಳ್ಳುವವರೆಗೆ ಗಾಯಕರು ಸುಮ್ಮನಿರುತ್ತಾರೆ, ಒಮ್ಮೆ ಗಂಟಲು ಸರಿಪಡಿಸಿಕೊಳ್ಳುತ್ತಾರೆ, ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಗುತ್ತದೆ, ಆಮೇಲೆ ಷಡ್ಜ. ವಿಲಂಬಿತ, ಎಂದರೆ ನಿಧಾನಗತಿಯ ಭಾಗ, ಮೂವತ್ತೊಂದು ನಿಮಿಷ. ಅದು ವೇಗದ ದ್ರುತಕ್ಕೆ ಹೊರಳುವ ಜಾಗದಲ್ಲಿ ತಬಲಾದವರು ಮುಖಡಾ ಎಂಬ ಸಣ್ಣ ಪೀಠಿಕೆ ಬಾರಿಸಿ ಸಮಕ್ಕೆ, ಎಂದರೆ ತಾಳದ ಮೊದಲ ಪೆಟ್ಟಿಗೆ, ಬರುತ್ತಾರೆ, ಗಾಯಕರು ಹೊಸ ಚೀಜಿನ (ಬಂದಿಶಿನ) ಮೊದಲ ಅಕ್ಷರವನ್ನು ಅದೇ ಸಮದ ಮೇಲೆ ಇಡುತ್ತಾರೆ, ಸಭೆಯಲ್ಲಿ ಒಬ್ಬರು ‘ಆಹಾ’ ಎನ್ನುತ್ತಾರೆ. ಈ ಒಂದು ಕ್ಷಣಕ್ಕಾಗಿಯೇ ನಾನು ಹಣ ಕೊಟ್ಟದ್ದು ಎಂದರೂ ತಪ್ಪಲ್ಲ. ಆ ಕಾಲಕ್ಕೆ ನನ್ನ ಸಂಬಳದಲ್ಲಿ 450 ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ. ಮನೆಯಲ್ಲಿ ಬೆಲೆ ಕೇಳಿದಾಗ ನೂರು ರೂಪಾಯಿ ಕಡಿಮೆ ಮಾಡಿ ಹೇಳಿದ್ದೆ.

ಅಂದಿನಿಂದ ನಿವೃತ್ತನಾಗುವವರೆಗೆ ನನ್ನ ಬೆಳಗು ಹೆಚ್ಚುಕಡಿಮೆ ಒಂದೇ ತೆರನಾಗಿ ನಡೆಯಿತು. ಐದು ಗಂಟೆಗೆ ಎದ್ದು ನೀರು ಕಾಯಲಿಟ್ಟು, ಫಿಲ್ಟರಿಗೆ ಪುಡಿ ಹಾಕಿ, ಅದರ ಮೇಲೆ ಬಿಸಿನೀರು ಸುರಿದ ಮೇಲೆ ಸಿ.ಡಿ.ಯನ್ನು ಡಬ್ಬಿಯಿಂದ ತೆಗೆಯುವುದು. ಹಳೆಯ ಧೋತರದ ಮೆತ್ತನೆಯ ತುಂಡಿನಿಂದ ನಡುವಿನ ರಂಧ್ರದ ಕಡೆಯಿಂದ ಅಂಚಿನ ಕಡೆಗೆ ನೇರವಾಗಿ ಒರೆಸುವುದು. ಗ್ರಾಮಾಫೋನ್ ತಟ್ಟೆಯಂತೆ ಸುತ್ತಲೂ ಒರೆಸಿದರೆ ಗೀರು ಹಾಡಿನ ದಾರಿಯಗುಂಟವೇ ಬೀಳುತ್ತದೆ. ಮಳೆಗಾಲದಲ್ಲಿ ಡೊಂಬಿವಲಿಯ ಮನೆಗಳಲ್ಲಿ ಚಪ್ಪಲಿಗೂ ಬೂಸಲು, ಪುಸ್ತಕಕ್ಕೂ ಬೂಸಲು. ಆದ್ದರಿಂದ ಹೊಸ ಬೂಟಿನ ಡಬ್ಬಿಯಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಕೂಡಿಟ್ಟು ಈ ಸಂಪುಟದ ಬದಿಗೆ ಇಟ್ಟಿರುತ್ತೇನೆ. ಅಡುಗೆಮನೆಯ ಹಲಗೆಯ ಮೇಲಿರುವ, ಕ್ಯಾಸೆಟ್ ಭಾಗ ಎಂದೋ ಕೆಟ್ಟುಹೋದ ಟೂ-ಇನ್-ಒನ್ ಯಂತ್ರ ಇದನ್ನು ಒಂದು ದಿನವೂ ತಕರಾರಿಲ್ಲದೆ ಹಾಡಿಸಿದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಆಲಾಪ ಗಾಂಧಾರ ಮುಟ್ಟಿರುತ್ತದೆ. ದ್ರುತ ಮುಗಿದರೆ 7.06ರ ಲೋಕಲ್‌ಗೆ ಹೊರಡುವ ಹೊತ್ತಾಯಿತೆಂದು ಅರ್ಥ.

ಸಂಕಟ ಶುರುವಾದದ್ದು ಇದೇ ತೋಡಿಯನ್ನು ಆ ಲೋಕಲ್‌ನಲ್ಲೂ ಕೇಳಬೇಕೆಂಬ ಆಸೆಯಿಂದ. ದಿನಕ್ಕೆ ಎರಡೂವರೆ ಗಂಟೆ ರೈಲಿನಲ್ಲಿ ನಿಂತು ಕಳೆಯುವವನಿಗೆ ಇದು ಅತಿಯಾಸೆಯೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ದೀಪಾವಳಿಯ ಬೋನಸ್ಸಿನಲ್ಲಿ ಹೆಬ್ಬೆರಳಿನ ಗಾತ್ರದ ಎಂ.ಪಿ.3 ಪ್ಲೇಯರ್ ಕೊಂಡು, ಮನೆಯ ಕಂಪ್ಯೂಟರಿಗೆ ಸಿ.ಡಿ. ಹಾಕಿದೆ. ಹಾಡು ಬರುವ ಬದಲು ಒಂದು ಕಿಟಕಿ ತೆರೆದುಕೊಂಡು, ಪುಟಗಟ್ಟಲೆ ಷರತ್ತುಗಳನ್ನು ತೋರಿಸಿ, ಒಪ್ಪಿಗೆ ಕೇಳಿತು. ಎಲ್ಲರೂ ಮಾಡುವಂತೆ ಓದದೆಯೇ ಒಪ್ಪಿದೆ. ಅದು ತನ್ನದೇ ಪ್ಲೇಯರನ್ನು ಕಂಪ್ಯೂಟರಿನಲ್ಲಿ ಸ್ಥಾಪಿಸಿಕೊಂಡಿತು, ಜೊತೆಗೆ ಸಿ.ಡಿ. ಡ್ರೈವಿನ ದಾರಿಯಲ್ಲಿ ಕಾವಲುಗಾರನಂತೆ ಕೂರುವ ಇನ್ನೊಂದು ತಂತ್ರಾಂಶವನ್ನೂ ಹೇಳದೆ ಕೇಳದೆ ಇಳಿಸಿತು. ಅಲ್ಲಿಂದ ಮುಂದೆ ಬೇರೆ ಯಾವ ತಂತ್ರಾಂಶದಿಂದ ಈ ಸಿ.ಡಿ.ಯನ್ನು ಓದಲು ಹೋದರೂ ಕೇಳಿಬರುತ್ತಿದ್ದದ್ದು ಕರ್ಕಶ ಸದ್ದು. ಸಿ.ಡಿ. ತಯಾರಿಸಿದವರೇ ದಯಪಾಲಿಸಿದ ಪ್ರತಿಯನ್ನು ಹೊಸ ಪ್ಲೇಯರಿಗೆ ಹಾಕಿಕೊಳ್ಳೋಣವೆಂದರೆ, ಅದು ಬೀಗ ಹಾಕಿದ ಕಡತ. ಪ್ಲೇಯರಿನ ಪುಟ್ಟ ಪರದೆ ಹಾಡಿನ ಹೆಸರನ್ನು ತೋರಿಸಿ, ಸದ್ದಿಲ್ಲದೆ ಮುಂದಿನ ಹಾಡಿಗೆ ಹಾರುತ್ತಿತ್ತು.

ಇಷ್ಟಾದರೂ ಸುಮ್ಮನಿರುತ್ತಿದ್ದೆನೇನೋ. ನನ್ನನ್ನು ನಿಜವಾಗಿ ಕೆರಳಿಸಿದ್ದು ಬೇರೆ. ಸಿ.ಡಿ.ಯಲ್ಲಿ ವಿಲಂಬಿತ ಒಂದು ಟ್ರ್ಯಾಕ್, ದ್ರುತ ಇನ್ನೊಂದು ಟ್ರ್ಯಾಕ್. ಸಿ.ಡಿ. ಯಂತ್ರಕ್ಕೆ ಈ ಗಡಿ ಕೇವಲ ಒಂದು ಗುರುತು. ಧ್ವನಿ ಎಲ್ಲಿಯೂ ತುಂಡಾಗದೆ ಹರಿಯುತ್ತದೆ. ಆದರೆ ಅವರ ಪ್ಲೇಯರ್ ಮೂಲ ಧ್ವನಿಯನ್ನು ಓದುತ್ತಿರಲಿಲ್ಲ. ಅದೇ ತಟ್ಟೆಯಲ್ಲಿ ಬೇರೆಯಾಗಿ ತುಂಬಿಟ್ಟಿದ್ದ, ಕುಗ್ಗಿಸಿದ ಕಡತಗಳನ್ನು ಒಂದಾದ ಮೇಲೊಂದರಂತೆ ತೆರೆಯುತ್ತಿತ್ತು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ನಡುವೆ ಅರ್ಧ ಸೆಕೆಂಡಿನ ಮೌನ. ಅದು ಬೀಳುತ್ತಿದ್ದದ್ದು ಸರಿಯಾಗಿ ಸಮದ ಮೇಲೆ. ತಬಲಾದವರು ಕಟ್ಟಿಕೊಂಡು ಬಂದ ಮುಖಡಾ ಪಾತಾಳಕ್ಕೆ ಬಿದ್ದಂತಾಗಿ, ‘ಆಹಾ’ ಎಂದವರ ‘ಹಾ’ ಅಷ್ಟೇ ಆಚೆ ದಡದಲ್ಲಿ ಕೇಳಿಸುತ್ತಿತ್ತು. ಸಂಗೀತವನ್ನು ಕಾಯಲು ನೇಮಿಸಿದ ಕಾವಲುಗಾರನಿಗೆ ಸಮ ಯಾವುದು, ವಿಷಮ ಯಾವುದು ಎಂಬುದೇ ಗೊತ್ತಿರಲಿಲ್ಲ.

ಸರಿ, ಈ ತಂತ್ರಾಂಶವೇ ಬೇಡ ಎಂದು ತೆಗೆಯಹೊರಟರೆ, ತೆಗೆಯಬಹುದಾದವುಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಆಗ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದ ಮಗ ಹುಡುಕಿ ಹುಡುಕಿ ಅದರ ಕಡತಗಳನ್ನು ಅಳಿಸಿದ. ಕಂಪ್ಯೂಟರ್ ಮತ್ತೆ ಶುರುವಾದಾಗ ಸಿ.ಡಿ. ಡ್ರೈವೇ ಮಾಯವಾಗಿತ್ತು. ಗುಂಡಿ ಒತ್ತಿದರೆ ತಟ್ಟೆ ಹೊರಬರುತ್ತದೆ, ದೀಪ ಮಿನುಗುತ್ತದೆ, ಆದರೆ ‘ಮೈ ಕಂಪ್ಯೂಟರ್’ ತೆರೆದರೆ ಅಂಥದ್ದೊಂದು ಇದೆಯೆಂಬ ಸುಳಿವೂ ಇಲ್ಲ. ಯಂತ್ರವನ್ನು ಚಾದರದಲ್ಲಿ ಸುತ್ತಿ ಕಂಪ್ಯೂಟರ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ಹೊತ್ತೆ. ರಿಪೇರಿಯ ಹುಡುಗ ಹೊಸ ಡ್ರೈವ್ ಮಾರಬಹುದಿತ್ತು, ಮಾರಲಿಲ್ಲ. "ಕಾಕಾ, ಡ್ರೈವ್ ಚೆನ್ನಾಗಿದೆ, ನಡುವೆ ಕೂತಿದ್ದವನನ್ನು ಅರ್ಧಂಬರ್ಧ ಕಿತ್ತಿದ್ದೀರಿ" ಎಂದು, ವಿಂಡೋಸಿನ ರಿಜಿಸ್ಟ್ರಿಯಲ್ಲಿ ಎರಡು ಸಾಲು ಅಳಿಸಿ, ಮುನ್ನೂರು ರೂಪಾಯಿ ತೆಗೆದುಕೊಂಡ. ಸಿ.ಡಿ.ಯ ಬೆಲೆಗೆ ಇದನ್ನೂ ಸೇರಿಸಿಕೊಳ್ಳಬೇಕು. ಮನೆಗೆ ಬಂದ ಮೇಲೆ ಮಗ ಡಬ್ಬಿಯ ಮೇಲೆ ‘ಕಂಪ್ಯೂಟರಿಗೆ ಹಾಕತಕ್ಕದ್ದಲ್ಲ’ ಎಂದು ಚೀಟಿ ಅಂಟಿಸಿದ. ಆ ಚೀಟಿ ಇಂದಿಗೂ ಇದೆ. ಅದನ್ನು ಅಂಟಿಸುವಾಗಲೇ ನಾನು ಗಮನಿಸಿದ್ದು: ಎಲ್ಲ ಸಿ.ಡಿ.ಗಳ ಮೇಲೂ ಇರುವ ‘ಕಾಂಪ್ಯಾಕ್ಟ್ ಡಿಸ್ಕ್’ ಲಾಂಛನ ಇದರ ಮೇಲೆ ಇರಲಿಲ್ಲ. ಇಂಥ ತಟ್ಟೆಗಳು ನಿಯಮಬದ್ಧ ಸಿ.ಡಿ.ಗಳಲ್ಲ, ಅವುಗಳ ಮೇಲೆ ಲಾಂಛನ ಬಳಸಕೂಡದು ಎಂದು ಸಿ.ಡಿ.ಯ ಜನಕರಲ್ಲಿ ಒಂದಾದ ಫಿಲಿಪ್ಸ್ 2002ರಲ್ಲಿಯೇ ಹೇಳಿತ್ತಂತೆ.

ಅದೇ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಓದಿದ ಸುದ್ದಿಯಿಂದ, ಇದು ನನ್ನೊಬ್ಬನ ಹಣೆಬರಹವಲ್ಲ ಎಂಬುದು ತಿಳಿಯಿತು. ಅಮೆರಿಕದಲ್ಲಿ ಸೋನಿ ಬಿ.ಎಂ.ಜಿ. ಎಂಬ ಸಂಗೀತ ಸಂಸ್ಥೆ ಐವತ್ತೆರಡು ಆಲ್ಬಮ್‌ಗಳಲ್ಲಿ ಎಕ್ಸ್‌.ಸಿ.ಪಿ. ಎಂಬ, ನಕಲು ತಡೆಯುವ ತಂತ್ರಾಂಶವನ್ನು ಸೇರಿಸಿತ್ತು. ಮಾರ್ಕ್ ರುಸ್ಸಿನೋವಿಚ್ ಎಂಬ ತಜ್ಞರು ತಮ್ಮದೇ ಕಂಪ್ಯೂಟರಿನಲ್ಲಿ ಅದು ಅಡಗಿರುವುದನ್ನು ಪತ್ತೆಹಚ್ಚಿ 2005ರ ಅಕ್ಟೋಬರ್ 31ರಂದು ಪ್ರಕಟಿಸಿದರು. ಹೆಸರು ಡಾಲರ್ ಚಿಹ್ನೆಗಳ ನಡುವಿನ ‘ಸಿಸ್’ ಎಂಬುದರಿಂದ ಶುರುವಾಗುವ ಯಾವ ಕಡತವನ್ನಾದರೂ ಅದು ಕಣ್ಣಿಗೆ ಕಾಣದಂತೆ ಮಾಡುತ್ತಿತ್ತು. ಆದ್ದರಿಂದ ಕಳ್ಳ ತಂತ್ರಾಂಶ ಬರೆಯುವವರು ತಮ್ಮ ಕಡತಗಳಿಗೂ ಅದೇ ಹೆಸರಿಟ್ಟು ಅದರ ನೆರಳಿನಲ್ಲಿ ಅವಿತುಕೊಂಡರು. ರೂಟ್‌ಕಿಟ್ (ಹೀಗೆ ಕಂಪ್ಯೂಟರಿನೊಳಗೆ ಅಡಗಿ ಕೂರುವ ತಂತ್ರಾಂಶ) ಎಂದರೇನೆಂದೇ ಬಹುಪಾಲು ಜನಕ್ಕೆ ಗೊತ್ತಿಲ್ಲ, ಅವರೇಕೆ ತಲೆ ಕೆಡಿಸಿಕೊಳ್ಳಬೇಕು ಎಂಬರ್ಥದ ಮಾತನ್ನು ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ರೇಡಿಯೋದಲ್ಲಿ ಆಡಿದರು. ನವೆಂಬರ್‌ನಲ್ಲಿ ಆ ಸಿ.ಡಿ.ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ತಮಾಷೆಯೆಂದರೆ, ಕೃತಿಚೌರ್ಯ ತಡೆಯಲು ಬಂದ ಆ ತಂತ್ರಾಂಶದೊಳಗೇ ‘ಲೇಮ್’ ಎಂಬ ಮುಕ್ತ ತಂತ್ರಾಂಶದ ಸಂಕೇತಗಳು ಪರವಾನಗಿಯ ಷರತ್ತು ಪಾಲಿಸದೆ ಸೇರಿಕೊಂಡಿದ್ದು ಪರಿಶೀಲಿಸಿದವರಿಗೆ ಕಂಡುಬಂತು. ಅಲ್ಲಿಯ ಗ್ರಾಹಕರಿಗೆ ಪರಿಹಾರವೂ ಸಿಕ್ಕಿತು. ನಾನು ನನ್ನ ಸಿ.ಡಿ.ಯನ್ನು ಹೊರತಂದ ಸಂಸ್ಥೆಗೆ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಹೆಸರು ಹೇಳಿ ಈಗೇನು ಪ್ರಯೋಜನ, ಬಿಡಿ.

ಇನ್ನು ನಕಲು ತಡೆದದ್ದು ಎಷ್ಟು ಎಂಬ ಪ್ರಶ್ನೆ. ಮರುವರ್ಷದ ಗಣಪತಿ ಹಬ್ಬಕ್ಕೆ ಮನೆಗೆ ಬಂದ ಭಾವ, ಸ್ಟೇಷನ್ನಿನ ಹೊರಗೆ ಬಟ್ಟೆ ಹಾಸಿ ಮಾರುತ್ತಿದ್ದವನಿಂದ ಐವತ್ತು ರೂಪಾಯಿಗೆ ಕೊಂಡ ಎಂ.ಪಿ.3 ಸಿ.ಡಿ.ಯೊಂದನ್ನು ಹೆಮ್ಮೆಯಿಂದ ತೋರಿಸಿದರು. ಅದರಲ್ಲಿ ನೂರಕ್ಕೂ ಮಿಕ್ಕಿ ಹಾಡುಗಳ ನಡುವೆ ನನ್ನ ತೋಡಿಯೂ ಇತ್ತು, ‘ಭೈರವಿ’ ಎಂಬ ಹೆಸರಿನಲ್ಲಿ. ಬೀಗವಿಲ್ಲ, ಷರತ್ತಿಲ್ಲ, ಯಾವ ಕಂಪ್ಯೂಟರಿನ ಡ್ರೈವೂ ಮಾಯವಾಗಲಿಲ್ಲ. ಹೊಟ್ಟೆ ಉರಿಯಿತು. ಭಾವನವರೆದುರು ಏನೂ ಹೇಳದೆ, ಮೋದಕ ಬಡಿಸಿದೆ.

ಆ ಹೊಟ್ಟೆಯುರಿ ಎರಡು ವರ್ಷಗಳ ಹಿಂದೆ ಇನ್ನೊಮ್ಮೆ ಎದ್ದಿತು. ನಿವೃತ್ತಿಯ ಮೇಲೆ ಮಗ ತನ್ನ ಹಳೆಯ ಲ್ಯಾಪ್‌ಟಾಪನ್ನು, ಹೊರಗಿನಿಂದ ಜೋಡಿಸುವ ಡ್ರೈವಿನ ಸಮೇತ ಕೊಟ್ಟ. ಚೀಟಿಯ ಆಜ್ಞೆ ಮೀರಿ ಈ ಸಿ.ಡಿ. ಹಾಕಿದೆ. ಹೊಸ ವಿಂಡೋಸ್ ತಾನಾಗಿ ಏನನ್ನೂ ನಡೆಸದೆ, ಏನು ಮಾಡಲಿ ಎಂದು ಕೇಳಿತು. ಏನೂ ಬೇಡ ಎಂದೆ. ಐದಾರು ನಿಮಿಷದಲ್ಲಿ ಇಡೀ ಸಿ.ಡಿ. ಪ್ರತಿಯಾಗಿತ್ತು. ಮಗನಿಗೆ ಫೋನ್ ಮಾಡಿದರೆ ಅವನು ನಕ್ಕು, ಇಂಥ ಬೀಗಗಳೆಲ್ಲ ಸಿ.ಡಿ. ಹಾಕಿದೊಡನೆ ತಂತ್ರಾಂಶ ತಾನಾಗಿ ಓಡುವುದನ್ನೇ ನಂಬಿದ್ದವೆಂದೂ, ಅಂದೇ ಮೊದಲ ಸಲ ಸಿ.ಡಿ. ಹಾಕುವಾಗ ಶಿಫ್ಟ್ ಗುಂಡಿಯನ್ನು ಒತ್ತಿ ಹಿಡಿದಿದ್ದರೆ ಸಾಕಿತ್ತೆಂದೂ ಹೇಳಿದ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್ಮನ್ ಇಂಥದೇ ಒಂದು ಬೀಗದ ಈ ಗುಟ್ಟನ್ನು 2003ರಲ್ಲಿಯೇ ಬಯಲಿಗಿಟ್ಟಿದ್ದರು. ಬೀಗ ತಯಾರಿಸಿದ ಕಂಪನಿ ಮೊಕದ್ದಮೆ ಹೂಡುವುದಾಗಿ ಹೆದರಿಸಿ, ಮರುದಿನವೇ ಹಿಂದೆ ಸರಿದಿತ್ತು. ಅಂದರೆ ನಾನು ಈ ಸಿ.ಡಿ. ಕೊಳ್ಳುವುದಕ್ಕೆ ಎರಡು ವರ್ಷ ಮೊದಲು! ನಮ್ಮ ಧಾರವಾಡದ ಕಡೆ ಕೀಲಿ ಎಂದರೆ ಬೀಗ. ಮುದ್ರಣದ ಕನ್ನಡದಲ್ಲಿ ಕೀಲಿಮಣೆ ಎಂದರೆ ಕೀಬೋರ್ಡ್. ಕೀಲಿ ತೆಗೆಯುವ ಕೈ ಇಷ್ಟು ವರ್ಷ ಕೀಲಿಮಣೆಯ ಎಡತುದಿಯಲ್ಲೇ ಬಿದ್ದಿತ್ತು.

ಗುಮಾಸ್ತಗಿರಿ ಮಾಡಿದವನ ಅಭ್ಯಾಸಬಲದಿಂದ ಕಾನೂನನ್ನೂ ತಿರುವಿ ಹಾಕಿದೆ. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು ಇಂಥ ಬೀಗ ಮುರಿಯುವವರಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನು ಹೇಳುತ್ತದೆ, ಆದರೆ ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶವಿರಬೇಕು ಎಂಬ ಮಾತೂ ಅಲ್ಲಿಯೇ ಇದೆ. ಖಾಸಗಿ ಬಳಕೆಯ ನ್ಯಾಯವಾದ ವ್ಯವಹಾರಕ್ಕೆ 52ನೆಯ ಕಲಮು ಎಡೆಮಾಡಿಕೊಟ್ಟಿದೆ. ನನ್ನ ಉದ್ದೇಶ ಸಮವನ್ನು ಸಮದ ಮೇಲೆ ಕೇಳುವುದಷ್ಟೇ ಆಗಿತ್ತು.

ಹಾಗಿದ್ದರೂ ಈ ತಟ್ಟೆಯನ್ನು ದ್ವೇಷಿಸಲು ನನ್ನಿಂದ ಆಗಿಲ್ಲ. ಇದನ್ನು ಕೊಂಡ ವರ್ಷವೇ ಮನೆಯಲ್ಲಿ ಬರೆದಿಟ್ಟ ಸಿ.ಡಿ.ಗಳ ಬೆನ್ನಿನ ಪದರ ಸುಲಿದು ಕಿಟಕಿಯ ಗಾಜಿನಂತಾಗಿವೆ. ಇದು ಇನ್ನೂ ಕನ್ನಡಿಯಂತಿದೆ. ಕೈಪಿಡಿಯ ಕಾಗದವನ್ನು ಬೆಳ್ಳಿಹುಳು ಒಂದು ಮೂಲೆಯಲ್ಲಿ ತಿಂದಿದೆ, ತಬಲಾದವರ ಹೆಸರು ಅರ್ಧ ಹೋಗಿದೆ. ಗಾಯನಕ್ಕೂ ಧ್ವನಿಮುದ್ರಣಕ್ಕೂ ಐದಕ್ಕೆ ಐದು ತಾರೆ ಕೊಡುತ್ತೇನೆ, ಬೀಗಕ್ಕೆ ಸೊನ್ನೆ. ಹಳೆಯ ಸಿ.ಡಿ.ಗಳ ರಾಶಿಯಲ್ಲಿ ಇಂಥದ್ದು ಸಿಕ್ಕರೆ, ಲಾಂಛನವಿಲ್ಲವೆಂದು ಬಿಟ್ಟುಬರಬೇಡಿ; ಅಗ್ಗದ ಯಂತ್ರವೊಂದು ಮನೆಯಲ್ಲಿದ್ದರೆ ಧೈರ್ಯವಾಗಿ ಕೊಳ್ಳಿ, ಹಳೆಯ ವಿಂಡೋಸ್ ಇರುವ ಕಂಪ್ಯೂಟರಿನಿಂದ ಮಾತ್ರ ದೂರವಿಡಿ.

ತೋಡಿ ಈಗ ನನ್ನ ಫೋನಿನಲ್ಲಿದೆ, ಆದರೆ ಹಿಡಿಯಬೇಕಾದ 7.06 ಇಲ್ಲ. ಕಳೆದ ಗುರುವಾರ ಮಾಟುಂಗಾದಲ್ಲಿ ಕಾಫಿಪುಡಿ ತರುವ ನೆಪ ಮಾಡಿಕೊಂಡು ನಿಧಾನದ ಲೋಕಲ್ ಹತ್ತಿದೆ. ಡೊಂಬಿವಲಿ ಬಿಡುವಾಗ ತಂಬೂರಿ, ಠಾಣೆಯ ಹೊತ್ತಿಗೆ ವಿಲಂಬಿತದ ತಾನಗಳು. ಮುಲುಂಡ್ ದಾಟಿದ ಮೇಲೆ ಮುಖಡಾ ಬಂತು, ಸಮ ಬಂತು, ‘ಆಹಾ’ ಬಂತು, ನಡುವೆ ಕೂದಲೆಳೆಯಷ್ಟೂ ಬಿರುಕಿಲ್ಲ. ಎದುರು ಕುಳಿತಿದ್ದ ಹುಡುಗ ತನ್ನ ಕಿವಿಯ ಗುಂಡಿ ತೆಗೆದು ನನ್ನನ್ನೇ ನೋಡಿದ. ‘ಆಹಾ’ ಎಂದದ್ದು ನಾನೂ ಇರಬೇಕು.