ಬಿಕ್ಕಟ್ಟಿನ ವರ್ಗೀಕರಣ: ಕಾರಣ ಮೊದಲೋ, ಹೊಣೆ ಮೊದಲೋ?

ಘಟನೆ ಯಾವ ಬಗೆಯದೆಂದು ಗುರುತಿಸದೆ ಪತ್ರಿಕಾ ಪ್ರಕಟಣೆ ಬರೆಯಲು ಕೂರಬಾರದು. ಕೊಪ್ಪಳದ ಕಾರ್ಖಾನೆಯೊಂದರ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ ಬಿಕ್ಕಟ್ಟನ್ನು ವರ್ಗೀಕರಿಸುವ ಮೂರು ಪದ್ಧತಿಗಳನ್ನು ನಾನು ಬಳಸಿ ನೋಡಿದ್ದೇನೆ. ಮೂರೂ ಒಂದೇ ತೂಕದವಲ್ಲ.

ಸಾರ್ವಜನಿಕ ಸಂಪರ್ಕದ ವಿದ್ವಾಂಸ ಒಟ್ಟೊ ಲರ್ಬಿಂಜರ್ ಅವರದು ಬಿಕ್ಕಟ್ಟಿನ ಮೂಲ ಹುಡುಕುವ ಪದ್ಧತಿ: ಪ್ರಕೃತಿ ವಿಕೋಪ, ತಾಂತ್ರಿಕ ವೈಫಲ್ಯ, ಸಂಘರ್ಷ, ದುರುದ್ದೇಶದ ಕೃತ್ಯ, ವಂಚನೆ, ಆಡಳಿತದ ಅಕ್ರಮ ಇತ್ಯಾದಿ. ಮುಂಚಿತವಾಗಿ ಅಪಾಯಗಳ ಪಟ್ಟಿ ಮಾಡಲು ಇದು ಬಹಳ ಅನುಕೂಲ. ಘಟನೆಯ ದಿನ ಮಾತ್ರ ಕೈಕೊಡುತ್ತದೆ. ಒಂದು ರಾತ್ರಿ ದೂಳು ಹಿಡಿಯುವ ಯಂತ್ರ ನಿಂತು, ಬೆಳಗಾಗುವಷ್ಟರಲ್ಲಿ ಪಕ್ಕದ ಊರಿನ ಮಾಳಿಗೆ, ಹತ್ತಿ ಎಲೆಗಳ ಮೇಲೆಲ್ಲ ಕಪ್ಪು ಪುಡಿ ಕುಳಿತಿತ್ತು. ಅಜ್ಜಿಯೊಬ್ಬರು ಕೊಡದ ಮುಚ್ಚಳದ ಮೇಲೆ ಬೆರಳೆಳೆದು ತೋರಿಸಿ, ‘ಈ ನೀರನ್ನು ನೀವು ಕುಡಿಯುತ್ತೀರೇನಪ್ಪಾ?’ ಎಂದು ಕೇಳಿದರು. ಕಚೇರಿಯಲ್ಲಿ ಇನ್ನೂ ಇದು ತಾಂತ್ರಿಕ ವೈಫಲ್ಯವೋ, ಜನ ಗೇಟಿಗೆ ಬಂದದ್ದರಿಂದ ಸಂಘರ್ಷವೋ ಎಂಬ ಚರ್ಚೆಯೇ ಮುಗಿದಿರಲಿಲ್ಲ.

ಬಿಕ್ಕಟ್ಟಿನ ಸಂವಹನದ ವಿದ್ವಾಂಸ ಟಿಮೊಥಿ ಕೂಂಬ್ಸ್ ಅವರ ಪದ್ಧತಿ ಆ ಅಜ್ಜಿಯ ಪ್ರಶ್ನೆಯ ಹತ್ತಿರ ನಿಲ್ಲುತ್ತದೆ. ಜನರು ಸಂಸ್ಥೆಯ ಮೇಲೆ ಎಷ್ಟು ಹೊಣೆ ಹೊರಿಸುತ್ತಾರೆ ಎಂಬುದೇ ಅದರ ಅಳತೆ. ಅದರಲ್ಲಿ ಮೂರು ಗುಂಪು: ವದಂತಿ, ಭೂಕಂಪಗಳಲ್ಲಿ ಸಂಸ್ಥೆಯೂ ಬಲಿಪಶು; ಯಂತ್ರದೋಷ ಆಕಸ್ಮಿಕ; ಮನುಷ್ಯರ ತಪ್ಪು, ಕಾನೂನು ಉಲ್ಲಂಘನೆ ತಡೆಯಬಹುದಾಗಿದ್ದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದನ್ನೇ ನೋಡಿ. ಚೈನ್ ತುಂಡಾಯಿತು ಎಂದರೆ ಎರಡನೆಯ ಗುಂಪು. ‘ನಿರ್ವಹಣೆ ಸರಿಯಾಗಿತ್ತೇ?’ ಎಂದು ರೈತ ಕೇಳಿದೊಡನೆ ಅದೇ ಘಟನೆ ಮೂರನೆಯದರತ್ತ ಸರಿಯುತ್ತದೆ. ಹಳೆಯ ಚರಿತ್ರೆ ಹೊಣೆಯನ್ನು ಹೆಚ್ಚಿಸುತ್ತದೆ ಎಂಬ ಕೂಂಬ್ಸ್ ಮಾತು ನಮ್ಮ ದೂಳಿಗೂ ಅನ್ವಯಿಸಿತು. ಊರಿನವರಿಗೆ ಅದು ಮೊದಲ ದೂಳಾಗಿರಲಿಲ್ಲ. ಆದ್ದರಿಂದ ‘ಯಂತ್ರ ಕೆಟ್ಟಿತ್ತು’ ಎಂಬ ಸಮಜಾಯಿಷಿಯನ್ನು ಕೈಬಿಟ್ಟು, ಕುಡಿಯುವ ನೀರಿನ ಟ್ಯಾಂಕರ್ ಎಲ್ಲಿ ನಿಂತಿದೆ ಎಂಬುದನ್ನು ಮೊದಲ ಸಾಲಿನಲ್ಲಿ, ಕ್ಷಮೆಯನ್ನು ಎರಡನೆಯದರಲ್ಲಿ ಬರೆದೆವು. ಜನರ ಸುರಕ್ಷತೆ ಮೊದಲು ಎಂಬ ಈ ಕ್ರಮ ಬಲಿಪಶುವಾದ ಸಂಸ್ಥೆಗೂ ತಪ್ಪಿದ್ದಲ್ಲ. 1982ರಲ್ಲಿ ಶಿಕಾಗೊ ಪ್ರದೇಶದಲ್ಲಿ ಯಾರೋ ಟೈಲೆನಾಲ್ ಎಂಬ ನೋವು ನಿವಾರಕ ಮಾತ್ರೆಗಳಿಗೆ ಸಯನೈಡ್ ಬೆರೆಸಿ ಏಳು ಜನ ಸತ್ತಾಗ, ತಯಾರಕರು ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ಪಡೆದರು.

ಮೂರನೆಯದು ಬಿಕ್ಕಟ್ಟು ನಿರ್ವಹಣೆಯ ಸಲಹೆಗಾರ ಸ್ಟೀವನ್ ಫಿಂಕ್ ಅವರ ಕಾಲದ ವಿಂಗಡಣೆ: ಮುನ್ಸೂಚನೆ, ಸ್ಫೋಟ, ದೀರ್ಘ ಪರಿಣಾಮ, ಶಮನ. ಏನು ಹೇಳಬೇಕೆಂಬುದನ್ನು ಅದು ಕಲಿಸುವುದಿಲ್ಲ. ಮುನ್ಸೂಚನೆಯ ಹಂತವೊಂದಕ್ಕಾಗಿ ನಾನು ಅದನ್ನು ಉಳಿಸಿಕೊಂಡಿದ್ದೇನೆ. ಈಗ ದೂರು ಪುಸ್ತಕದಲ್ಲಿ ದೂಳಿಗೆ ಪ್ರತ್ಯೇಕ ಕಲಂ ಇದೆ. ಒಂದೇ ಊರಿನಿಂದ ಎರಡನೆಯ ದೂರು ಬಂದರೆ ಅಂದೇ ನಿರ್ವಹಣಾ ವಿಭಾಗಕ್ಕೆ ಪತ್ರ ಹೋಗುತ್ತದೆ.