ನೆಟ್ಟಗಿರೋ ಬೇಸ್ ಟ್ಯೂನರ್‌ಗಳನ್ನ ಓರೆ ಮಾಡೋಕೆ ಹೋಗ್ಬೇಡಿ, ನಾನು ಮಾಡಿ ಅನುಭವಿಸಿದೀನಿ

ನಿಮ್ಮ ಬೇಸ್ ಗಿಟಾರ್‌ನ ಹೆಡ್‌ಸ್ಟಾಕ್‌ನಲ್ಲಿ (ಕುತ್ತಿಗೆ ತುದಿಯ ತಲೆ ಭಾಗ) ನಾಲ್ಕೂ ಟ್ಯೂನರ್ (ತಂತಿ ಬಿಗಿ ಮಾಡಿ ಶ್ರುತಿ ಸೇರಿಸೋ ತಿರುಗಣೆ) ಒಂದೇ ಸಾಲಲ್ಲಿ ನೆಟ್ಟಗೆ ಮೇಲಕ್ಕೆ ನಿಂತಿದ್ರೆ, ಅದನ್ನ ಓರೆ ಮಾಡ್ತೀನಿ ಅಂತ ದಯವಿಟ್ಟು ಡ್ರಿಲ್ ಕೈಗೆ ತಗೋಬೇಡಿ, ಇದನ್ನ ಪೂರ್ತಿ ಓದೋವರೆಗಾದ್ರೂ ತಗೋಬೇಡಿ. ನಾನು ತಗೊಂಡೆ. ಹನ್ನೊಂದು ವರ್ಷ ಜೊತೆಗಿದ್ದ ಬೇಸ್, ಅದರ ತಲೆ ಮೇಲೆ ಈಗ ಅಳಿಸೋಕಾಗದ ಗುರುತುಗಳಿವೆ, ನೋಡಿದಾಗೆಲ್ಲ ಬೇಜಾರಾಗುತ್ತೆ.

ಶುರುವಾಗಿದ್ದು ಎಡಗೈ ಮಣಿಕಟ್ಟಿನ ನೋವಿಂದ. ನಿಂತು ನುಡಿಸುವಾಗ ಮಧ್ಯೆ ಶ್ರುತಿ ಸರಿ ಮಾಡ್ಬೇಕಂದ್ರೆ ಕೈ ಪೂರ್ತಿ ಚಾಚಿ, ತುದಿಯಲ್ಲಿರೋ ಜಿ ತಂತಿ ಕೀಗಂತೂ (ಕೀ ಅಂದ್ರೆ ಟ್ಯೂನರ್‌ನ ತಿರುಗಿಸೋ ಹಿಡಿ) ಭುಜನೂ ಮುಂದೆ ತಳ್ಳಿ, ಮಣಿಕಟ್ಟು ಮಡಚಿಕೊಂಡು ತಿರುಗಿಸ್ಬೇಕಿತ್ತು. ಅದೇ ಟೈಮಲ್ಲಿ ಟ್ಯೂನರ್‌ಗಳು ನುಡಿಸೋರ ಕಡೆಗೆ ವಾಲಿಕೊಂಡಿರೋ ಬೇಸ್‌ಗಳ ಫೋಟೋ ಕಣ್ಣಿಗೆ ಬಿದ್ವು, ಕೀಗಳೆಲ್ಲ ಗಾಳಿಗೆ ಒಂದೇ ಕಡೆ ಬಾಗಿದ ಪೈರಿನ ಥರ ಕಾಣೋದು, ನೋಡೋಕೆ ಚೆಂದ, ಕೈಗೂ ಹತ್ರ ಅನ್ನಿಸ್ತು. ಕೀ ನನ್ನ ಕಡೆ ಮುಖ ಮಾಡಿದ್ರೆ ಮಣಿಕಟ್ಟು ಮಡಚೋದೇ ಬೇಡವಲ್ಲ ಅಂತ ಲೆಕ್ಕ ಹಾಕಿದೆ. ಆ ಲೆಕ್ಕದಲ್ಲಿ ದಿಕ್ಕು ಮಾತ್ರ ಇತ್ತು, ಜಾಗ ಇರಲಿಲ್ಲ. ತಪ್ಪಾಗಿದ್ದು ಅಲ್ಲೇ.

ನೆಟ್ಟಗಿರೋ ಜೋಡಣೆ ಹಳೇದು. ಫೆಂಡರ್ ಪ್ರಿಸಿಷನ್ ಬೇಸ್ 1951ರಲ್ಲಿ ಬಂದಾಗಿನಿಂದ ನಾಲ್ಕೂ ಟ್ಯೂನರ್ ಒಂದೇ ಕಡೆ, ನಟ್‌ನಿಂದ ಪ್ರತಿ ತಂತಿನೂ ಪಕ್ಕಕ್ಕೆ ಬಾಗದೆ ಸೀದಾ ತನ್ನ ಪೋಸ್ಟ್‌ಗೆ ಹೋಗೋ ಹಾಗೆ (ಪೋಸ್ಟ್ ಅಂದ್ರೆ ಟ್ಯೂನರ್‌ನಲ್ಲಿ ತಂತಿ ಸುತ್ತಿಕೊಳ್ಳೋ ಕಂಬ, ನಟ್ ಅಂದ್ರೆ ಇಲ್ಲೆಲ್ಲ ಕುತ್ತಿಗೆ ತುದಿಯಲ್ಲಿ ತಂತಿ ಕೂರೋ ಪಟ್ಟಿ, ಬೋಲ್ಟಿಂದಲ್ಲ). ಬೇರೆ ದಾರಿ ಹಿಡಿದವರೂ ಇದಾರೆ, ಗಿಬ್ಸನ್‌ನ 1953ರ ಬೇಸ್‌ನಲ್ಲಿ ಬ್ಯಾಂಜೋ ಥರ ಕೀಗಳು ತಲೆಯ ಹಿಂದಕ್ಕೆ ಚಾಚಿಕೊಂಡಿದ್ವು, 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇನಲ್ಲಿ ಮೂರು ಮೇಲೆ ಒಂದು ಕೆಳಗೆ. ಆದ್ರೆ ಅಲ್ಲೆಲ್ಲ ಟ್ಯೂನರ್ ಎಲ್ಲಿ ಕೂರುತ್ತೆ ಅಂತ ತೀರ್ಮಾನ ಮಾಡ್ಕೊಂಡೇ ಮರದ ಆಕಾರ ಬರೆದಿರ್ತಾರೆ. ನಾನು ಮರ ಹಾಗೇ ಬಿಟ್ಟು ಟ್ಯೂನರ್ ಒಂದನ್ನೇ ತಿರುಗಿಸಿದೆ.

ಹಳೇ ಟ್ಯೂನರ್‌ಗಳು ದೊಡ್ಡ ಎಲೆಯಾಕಾರದ ಕೀ ಇರೋವು, ಹಿಂದಿನ ಪ್ಲೇಟ್‌ಗೆ ನಾಲ್ಕು ನಾಲ್ಕು ಸ್ಕ್ರೂ. ಒಂದೇ ಸ್ಕ್ರೂನಲ್ಲಿ ನಿಲ್ಲೋ ಹಗುರದ ಸೆಟ್ ತರಿಸಿಕೊಂಡೆ, ಅದನ್ನ ಸ್ಕ್ರೂ ಹಾಕೋ ಮುಂಚೆ ಯಾವ ಕಡೆ ಬೇಕಾದ್ರೂ ತಿರುಗಿಸಿ ಕೂರಿಸಬಹುದು, ನನ್ನ ಯೋಚನೆಗೆ ಧೈರ್ಯ ಕೊಟ್ಟಿದ್ದೂ ಅದೇ. ನಟ್ ಕಡೆಗೆ 20 ಡಿಗ್ರಿ ವಾಲಿಸಿ, ನಾಲ್ಕೂ ಒಂದೇ ಓರೆಯಲ್ಲಿ ಬರೋ ಹಾಗೆ ಕಾಗದದ ಕೋನ ಇಟ್ಟು ಗುರುತು ಹಾಕಿ ಕೊರೆದೆ. ಮೇಪಲ್ ಗಟ್ಟಿ ಮರ, ಮೊದಲನೇ ಸ್ಕ್ರೂಗೆ ಮುಂಚೆ ಕೊರೆಯೋ ಪೈಲಟ್ ತೂತು ಸಣ್ಣದಾಗಿ ಅರ್ಧಕ್ಕೇ ತಲೆ ಮುರೀತು, ಅದರ ಚೂರು ಇವತ್ತೂ ಒಳಗೇ ಇದೆ. ಮೂರನೇದು ಹಳೇ ತೂತಿನ ಅಂಚಿಗೇ ಬಿದ್ದು ಹಿಡಿತವೇ ಸಿಗಲಿಲ್ಲ.

ತಂತಿ ಹಾಕಿ ಶ್ರುತಿಗೆ ಏರಿಸಿದಾಗ ನಿಜವಾದ ತೊಂದರೆ ಗೊತ್ತಾಯ್ತು. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ ಯಾಕಂದ್ರೆ ಫೋಟೋದಲ್ಲಿ ಇದು ಕಾಣೋದೇ ಇಲ್ಲ. ನನ್ನ ಬೇಸ್‌ನಲ್ಲಿ ಪೋಸ್ಟ್‌ನ ನಡುಮಧ್ಯದಿಂದ ಮರದ ಅಂಚಿಗೆ 18 ಮಿಲಿಮೀಟರ್, ಪೋಸ್ಟ್‌ನಿಂದ ಕೀಯ ಒಳ ಅಂಚಿಗೆ 27. ಅಂದ್ರೆ ನೆಟ್ಟಗಿದ್ದಾಗ ಮರಕ್ಕೂ ಕೀಗೂ ಮಧ್ಯೆ 9 ಮಿಲಿಮೀಟರ್ ಸಂದು, ಬೆರಳ ತುದಿ ಆರಾಮಾಗಿ ಹಿಂದಕ್ಕೆ ಹೋಗುತ್ತೆ. 20 ಡಿಗ್ರಿ ಓರೆ ಮಾಡಿದಾಗ ಕೀ ಹೇಗೂ ಮರದ ಕಡೆಗೆ ಒಂದೂವರೆ ಮಿಲಿಮೀಟರ್‌ನಷ್ಟು ಇಳಿಯುತ್ತೆ, ಅದು ಪರವಾಗಿಲ್ಲ, ಆದ್ರೆ ಕೀ ಅಗಲ 28 ಮಿಲಿಮೀಟರ್ ಇದೆಯಲ್ಲ, ಅದೂ ಜೊತೆಗೇ ವಾಲೋದ್ರಿಂದ ಒಂದು ಮೂಲೆ ಇನ್ನೂ ಸುಮಾರು 5 ಮಿಲಿಮೀಟರ್ ಕೆಳಗೆ ಬರುತ್ತೆ. ಉಳಿದಿದ್ದು ಎರಡೂವರೆ ಮಿಲಿಮೀಟರ್ ಚಿಲ್ಲರೆ. ಅದೂ ಯಾವಾಗ್ಲೂ ಅಲ್ಲ, ಕೀ ಹೆಡ್‌ಸ್ಟಾಕ್‌ಗೆ ಸಮವಾಗಿ ಮಲಗಿದಾಗ ಮಾತ್ರ, ಅಂದ್ರೆ ಪ್ರತಿ ಅರ್ಧ ಸುತ್ತಿಗೊಂದು ಸಲ, ಸರಿಯಾಗಿ ಬೆರಳು ಕೀಯ ಹಿಂದೆ ಸುತ್ತಿಕೊಂಡಿರೋ ಹೊತ್ತಿಗೇ ಮೂಲೆ ಮರದ ಹತ್ರ ಬಂದು ಚರ್ಮ ಚಿವುಟುತ್ತೆ. ನಾಲ್ಕು ತಂತಿಯ ಎಳೆತ ಒಟ್ಟು 75ರಿಂದ 80 ಕೆಜಿ ಹತ್ರ ಇರುತ್ತೆ, ಶ್ರುತಿ ಮೇಲಕ್ಕೆ ಏರಿಸುವಾಗ ಕೀ ಬಿಗಿ, ಬೆರಳ ತುದಿಯಲ್ಲಷ್ಟೇ ಹಿಡಿದು ತಿರುಗಿಸೋಕಾಗಲ್ಲ. ಹಾಗಾಗಿ ಕಾಲು ಸುತ್ತು ತಿರುಗಿಸೋದು, ಬೆರಳು ತೆಗೆಯೋದು, ಮತ್ತೆ ಹಿಡಿಯೋದು. ಮಣಿಕಟ್ಟಿನ ನೋವು ಕಮ್ಮಿ ಮಾಡೋಕೆ ಹೊರಟವನಿಗೆ ಹೆಬ್ಬೆರಳ ಬುಡದಲ್ಲಿ ಹೊಸ ನೋವು ಬಂತು.

ಇ ತಂತಿ ಕೀದು ಬೇರೆಯೇ ಕಥೆ. ಓರೆಯಾದ ಮೇಲೆ ಅದು ನಟ್ ಕಡೆಗೆ 13 ಮಿಲಿಮೀಟರ್ ಬಂದುಬಿಡ್ತು, ಮೊದಲನೇ ಫ್ರೆಟ್‌ನಲ್ಲಿ ನುಡಿಸುವಾಗ ಹೆಬ್ಬೆರಳ ಗೆಣ್ಣು ತಾಗ್ತಿತ್ತು, ಅದಕ್ಕೆ ಹೇಗೋ ಹೊಂದಿಕೊಂಡೆ. ಗೋಡೆಯ ಹ್ಯಾಂಗರ್ ವಿಷಯ ಹೊಳೆಯಲೇ ಇಲ್ಲ. ಹ್ಯಾಂಗರ್‌ನ ಎರಡು ಕೊಂಬು ಬೇಸ್‌ನ ಹಿಡಿಯೋದು ನಟ್ ಪಕ್ಕ, ಹೆಡ್‌ಸ್ಟಾಕ್ ಅಗಲವಾಗೋ ಜಾಗದಲ್ಲೇ, ಅಲ್ಲಿಗೀಗ ಕೀ ಬಂದು ಕೂತಿತ್ತು. ನಾಲ್ಕು ಕೆಜಿ ಬೇಸ್ ಮರದ ಮೇಲೆ ಕೂರದೆ ಅರ್ಧ ಭಾರ ಆ ಕೀ ಮೇಲೆ ಹಾಕ್ಕೊಂಡು ಎರಡು ವಾರ ನೇತಾಡಿದೆ. ಬೆಳಿಗ್ಗೆ ತೆಗೆದಾಗೆಲ್ಲ ಇ ತಂತಿ ಶ್ರುತಿ ತಪ್ಪಿರೋದು, ತಂತಿ ಹಳೇದಾಯ್ತೇನೋ ಅಂದ್ಕೊಂಡು ಹೊಸದು ಹಾಕಿದೆ. ಆಮೇಲೆ ನೋಡಿದ್ರೆ ಕೀ ಕೂತಿರೋ ಸರಳು, ಅಂದ್ರೆ ಶಾಫ್ಟ್, ಬಾಗಿದೆ, ತಿರುಗಿಸಿದ್ರೆ ಕೀ ತೂಗಾಡ್ತಾ ಸುತ್ತುತ್ತೆ, ಒಂದು ಕಡೆ ಬಿಗಿ ಒಂದು ಕಡೆ ಸಡಿಲ.

ನೋಟದ ಬಗ್ಗೆನೂ ಹೇಳ್ಬೇಕು, ಅರ್ಧ ಆಸೆ ಅದೇ ಆಗಿತ್ತಲ್ಲ. ಮುಂದಿನಿಂದ ನೋಡಿದ್ರೆ ಹೆಡ್‌ಸ್ಟಾಕ್‌ನ ಮೇಲಂಚು ಒಂದು ದಿಕ್ಕು, ತಂತಿಗಳು ಒಂದು ದಿಕ್ಕು, ಕೀಗಳು ಮೂರನೇ ದಿಕ್ಕು, ಕಣ್ಣಿಗೆ ಎಲ್ಲೂ ನಿಲ್ಲೋಕೆ ಜಾಗ ಇಲ್ಲ. ಓರೆ ಟ್ಯೂನರ್ ಚೆಂದ ಕಾಣೋ ಬೇಸ್‌ಗಳಲ್ಲಿ ಮರದ ಅಂಚೂ ಅದಕ್ಕೆ ತಕ್ಕ ಹಾಗೆ ಮೆಟ್ಟಿಲು ಮೆಟ್ಟಿಲಾಗೋ ಅಲೆಯಾಗೋ ಕತ್ತರಿಸಿರ್ತಾರೆ, ಪ್ರತಿ ಶಾಫ್ಟೂ ತನ್ನ ಪಾಲಿನ ಅಂಚಿಗೆ ನೇರವಾಗೇ ಹೊರಗೆ ಬರುತ್ತೆ. ನನ್ನದರಲ್ಲಿ ಕೀಗಳು ಯಾರೋ ತಳ್ಳಿ ಬೀಳ್ತಿರೋ ಹಾಗೆ ಕಾಣ್ತಿದ್ವು. ಹಿಂದೆ ತಿರುಗಿಸಿದ್ರೆ ಹಳೇ ಪ್ಲೇಟ್‌ಗಳು ಮುಚ್ಚಿದ್ದ ಜಾಗ ಬೆಳ್ಳಗೆ ನಾಲ್ಕು ಚೌಕ, ಸುತ್ತ ಹಳದಿಯಾದ ಪಾಲಿಶ್, ಜೊತೆಗೆ ಹದಿನಾರು ಖಾಲಿ ತೂತು.

ಒಳ್ಳೇದಾಗಿದ್ದೂ ಒಂದಿದೆ, ಅದನ್ನ ಮುಚ್ಚಿಡಲ್ಲ, ತೂಕ. ನಾಲ್ಕೂ ಸೇರಿ ತಲೆಯಿಂದ 150 ಗ್ರಾಂಗಿಂತ ಜಾಸ್ತಿ ಇಳೀತು, ಉದ್ದ ಕುತ್ತಿಗೆಯ ತುದಿಯಲ್ಲಿ ಅಷ್ಟು ಇಳಿದ್ರೆ ಬೇಸ್ ತಲೆ ಕೆಳಗೆ ಹಾಕೋದು ನಿಜಕ್ಕೂ ಕಮ್ಮಿಯಾಗುತ್ತೆ, ಎಡಗೈ ಕುತ್ತಿಗೆನ ಎತ್ತಿ ಹಿಡಿಯೋ ಕೆಲಸ ತಪ್ಪುತ್ತೆ. ಆದ್ರೆ ಅದಕ್ಕೆ ಓರೆ ಮಾಡೋ ಅಗತ್ಯವೇ ಇರಲಿಲ್ಲ, ಅದೇ ಟ್ಯೂನರ್‌ನ ನೆಟ್ಟಗೆ ಹಾಕಿದ್ರೂ ಅಷ್ಟೇ ತೂಕ ಇಳೀತಿತ್ತು.

ಮಣಿಕಟ್ಟಿಗೆ ಕೊನೆಗೆ ಪರಿಹಾರ ಸಿಕ್ಕಿದ್ದು ಡ್ರಿಲ್ ಮುಟ್ಟದೆ. ಸ್ಟ್ರಾಪ್ ಗಿಡ್ಡ ಮಾಡಿ ಕುತ್ತಿಗೆನ ಇನ್ನಷ್ಟು ಮೇಲ್ಮುಖ ಮಾಡಿದೆ, ಹೆಡ್‌ಸ್ಟಾಕ್ ತಾನಾಗೇ ಮುಖದ ಹತ್ರಕ್ಕೆ ಬಂತು, ಮೊಣಕೈ ಬಾಗಿರುತ್ತೆ, ಮಣಿಕಟ್ಟು ನೇರ. ನಟ್‌ನಲ್ಲಿ ತಂತಿ ಕೂರೋ ಕಚ್ಚುಗಳಿಗೆ ಪೆನ್ಸಿಲ್ ಸೀಸ ಉಜ್ಜಿದ ಮೇಲೆ ತಂತಿ ಅಲ್ಲಿ ಸಿಕ್ಕಿಕೊಂಡು ಟಕ್ ಅಂತ ಜಾರೋದು ನಿಂತು, ತಿರುಗಿಸಬೇಕಾದ ಸುತ್ತುಗಳೇ ಕಮ್ಮಿಯಾದ್ವು.

ಇಷ್ಟು ಹೇಳಿದ ಮೇಲೂ ಓರೆ ಬೇಕೇ ಬೇಕು ಅನ್ನಿಸಿದ್ರೆ ದಪ್ಪ ರಟ್ಟಲ್ಲಿ ಟ್ಯೂನರ್ ಆಕಾರ ಕತ್ತರಿಸಿ, ಕೀ ಅಗಲ ಸರಿಯಾಗಿ ಬರೋ ಹಾಗೆ, ಹೆಡ್‌ಸ್ಟಾಕ್ ಹಿಂದೆ ಅಂಟಿಸಿ ನೋಡಿ, ಮೂಲೆಯಿಂದ ಮರಕ್ಕೆ ಬೆರಳು ಹೋಗುತ್ತಾ, ಹ್ಯಾಂಗರ್‌ಗೆ ಇ ಕೀ ತಾಗುತ್ತಾ, ಕೇಸ್ ಮುಚ್ಚುತ್ತಾ. ನನ್ನ ಅಳತೆಗೆ 10 ಡಿಗ್ರಿ ಆಗಿದ್ರೆ 6 ಮಿಲಿಮೀಟರ್ ಸಂದು ಉಳೀತಿತ್ತು, ಅಷ್ಟಾದ್ರೆ ಬದುಕಬಹುದು. ಇನ್ನೊಂದು, ಓರೆ ಸುಲಭವಾಗುತ್ತೆ ಅಂತ ಎಡ-ಬಲ ಅದಲು ಬದಲಾದ ಸೆಟ್ ಮಾತ್ರ ಹಾಕ್ಬೇಡಿ. ವರ್ಮ್ (ಪೋಸ್ಟ್‌ನ ಗೇರನ್ನ ತಿರುಗಿಸೋ, ಶಾಫ್ಟ್ ಮೇಲಿನ ಸ್ಕ್ರೂ ಥರದ ಭಾಗ) ನಟ್ ಕಡೆಗೆ ಇದ್ರೆ ತಂತಿಯ ಎಳೆತ ಗೇರನ್ನ ಅದಕ್ಕೆ ಒತ್ತಿ ಹಿಡಿಯುತ್ತೆ, ಆಚೆ ಕಡೆಗಿದ್ರೆ ಅದರಿಂದ ದೂರ ಎಳೆಯುತ್ತೆ, ಹಲ್ಲು ಬೇಗ ಸವೆದು ಆಟ ಬರುತ್ತೆ.

ಈಗ ನನ್ನ ಟ್ಯೂನರ್‌ಗಳು ಮತ್ತೆ ನೆಟ್ಟಗಿವೆ, ಇ ತಂತಿಗೆ ಒಂಟಿ ಟ್ಯೂನರ್ ಹೊಸದು. ತೂತುಗಳಿಗೆ ಮರದ ಕಡ್ಡಿ ಅಂಟು ಹಾಕಿ ತುಂಬಿ ಸಮ ಮಾಡಿದೀನಿ, ಕೈಯಾಡಿಸಿದ್ರೆ ಗೊತ್ತಾಗಲ್ಲ, ಬೆಳಕಿಗೆ ಹಿಡಿದ್ರೆ ಇಪ್ಪತ್ತು ಚುಕ್ಕೆನೂ ಎಣಿಸಬಹುದು.