ಬಂಪರ್‌ಗೆ ಬಣ್ಣ ಹೊಡೆಯಲು ತಂತಿಯೋ, ಬಕೆಟ್ಟೋ, ಪೈಪಿನ ಸ್ಟ್ಯಾಂಡೋ?

ಕಾರಿನಿಂದ ಬಿಚ್ಚಿದ ಭಾಗಕ್ಕೆ ಮನೆಯಲ್ಲೇ ಸ್ಪ್ರೇ ಬಣ್ಣ ಹೊಡೆಯುವಾಗ ಅದನ್ನು ಯಾವುದರಲ್ಲಿ ನಿಲ್ಲಿಸುವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಿವಿಸಿ ಪೈಪಿನ ಸ್ಟ್ಯಾಂಡಿಗೆ. ತಂತಿಯಲ್ಲಿ ನೇತುಹಾಕಿ ನೋಡಿದ್ದೇನೆ, ಬಕೆಟ್ ಮೇಲೆ ಕೂರಿಸಿ ನೋಡಿದ್ದೇನೆ, ಮೊಳೆ ಹೊಡೆದ ಹಲಗೆಯನ್ನೂ ಬಳಸಿದ್ದೇನೆ. ಅವಕ್ಕೂ ಅವುಗಳದೇ ಕೆಲಸ ಇದೆ. ಆದರೆ ಬಂಪರ್‌ನಂಥ ದೊಡ್ಡ ಭಾಗಕ್ಕೆ ಇನ್ನು ಮುಂದೆ ಬೇರೆ ಯಾವುದನ್ನೂ ಬಳಸುವುದಿಲ್ಲ.

ನಮ್ಮದು ಸಿಲ್ಕಿ ಸಿಲ್ವರ್ ಬಣ್ಣದ ಹಳೇ ವ್ಯಾಗನ್ ಆರ್. ಮುಂದಿನ ಬಂಪರ್ ತುಂಬ ತರಚಿಹೋಗಿತ್ತು. ಟಿಂಕರಿಂಗ್ ಅಂಗಡಿಯಲ್ಲಿ ಅದೊಂದಕ್ಕೇ 3,500 ರೂಪಾಯಿ ಕೇಳಿದರು. ಪ್ಲಾಸ್ಟಿಕ್ ಪ್ರೈಮರ್, ಬಣ್ಣದ ಸ್ಪ್ರೇ ಡಬ್ಬಿ, ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಹೊಳಪಿನ ಕೋಟ್), ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಎಲ್ಲ ಸೇರಿಸಿದರೂ ಅದರ ಅರ್ಧ ಸಾಕು. ಹಾಗಾಗಿ ಮನೆಯಲ್ಲೇ ಹೊಡೆಯುವುದು ಅಂತ ತೀರ್ಮಾನವಾಯಿತು. ಆಮೇಲೆ ಕನ್ನಡಿ ಕವರ್, ಡೋರ್ ಹ್ಯಾಂಡಲ್, ವೀಲ್ ಕ್ಯಾಪ್, ವೈಪರ್ ಕೈ ಹೀಗೆ ಒಂದೊಂದೇ ಭಾಗ ಸಾಲಿಗೆ ಬಂದವು.

ಎಲ್ಲರೂ ಮೊದಲು ಹೇಳುವುದು ತಂತಿಯನ್ನೇ. ಕಾರ್ ಶೆಡ್ಡಿನ ಜಂತಿಗೋ ಬಟ್ಟೆ ಒಣಗಿಸುವ ಹಗ್ಗಕ್ಕೋ ಬೈಂಡಿಂಗ್ ವೈರ್ ಕಟ್ಟಿ ಭಾಗವನ್ನು ನೇತುಹಾಕಿದರೆ ಆಯಿತು. ಖರ್ಚು ಇಲ್ಲ ಅನ್ನಬಹುದು. ನಾಲ್ಕೂ ಕಡೆ ಕೈ ಸಿಗುತ್ತದೆ. ಕೇಳಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ, ಅಲ್ವಾ? ಸ್ಪ್ರೇ ಒತ್ತಿದ ತಕ್ಷಣ ತೊಂದರೆ ಶುರು.

ಡಬ್ಬಿಯಿಂದ ಬರುವ ಗಾಳಿಗೆ ಭಾಗ ಹಿಂದಕ್ಕೆ ಹೋಗುತ್ತದೆ, ಮತ್ತೆ ಮುಂದಕ್ಕೆ ಬರುತ್ತದೆ. ಡಬ್ಬಿಯನ್ನು ಮೇಲ್ಮೈಯಿಂದ ಸುಮಾರು ಒಂದು ಗೇಣು ದೂರದಲ್ಲಿ, ಅಂದರೆ 20ರಿಂದ 25 ಸೆಂಟಿಮೀಟರ್‌ನಲ್ಲಿ ಹಿಡಿಯಬೇಕು. ಕೈಯನ್ನು ಒಂದೇ ವೇಗದಲ್ಲಿ, ಒಂದೇ ದೂರದಲ್ಲಿ ಆಡಿಸಬೇಕು. ತೂಗಾಡುವ ವಸ್ತುವಿಗೆ ಇದನ್ನು ಹೇಗೆ ಮಾಡೋದು? ಹತ್ತಿರ ಬಂದಾಗ ಬಣ್ಣ ಜಾಸ್ತಿ ಬಿದ್ದು ಸೋರಿ ಇಳಿಯುತ್ತದೆ. ದೂರ ಹೋದಾಗ ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ಪುಡಿಪುಡಿಯಾಗಿ ಕೂರುತ್ತದೆ. ಕಪ್ಪೋ ಬಿಳಿಯೋ ಆದರೆ ಇದು ಅಷ್ಟಾಗಿ ಕಾಣುವುದಿಲ್ಲ. ಸಿಲ್ವರ್‌ನಲ್ಲಿ ಹಾಗಲ್ಲ. ಅದರೊಳಗೆ ಇರುವುದು ಅಲ್ಯುಮಿನಿಯಂನ ಸಣ್ಣ ಚೂರುಗಳು. ಬಣ್ಣ ಹಸಿಯಾಗಿ ಬಿದ್ದ ಕಡೆ ಅವು ಒಂದು ರೀತಿ ಮಲಗುತ್ತವೆ, ಒಣಗಿ ಬಿದ್ದ ಕಡೆ ಇನ್ನೊಂದು ರೀತಿ. ಬಿಸಿಲಿಗೆ ತಂದು ನೋಡಿದರೆ ಕಪ್ಪು-ಬಿಳಿ ಪಟ್ಟೆ ಎದ್ದು ಕಾಣುತ್ತದೆ.

ಒಂದು ತಂತಿಯ ಬದಲು ಎರಡು ಕಟ್ಟಿದರೆ ಭಾಗ ಸುತ್ತುವುದು ನಿಲ್ಲುತ್ತದೆ. ತೂಗಾಡುವುದು ನಿಲ್ಲುವುದಿಲ್ಲ. ಕೆಳಗಿನಿಂದ ಇಟ್ಟಿಗೆ ಕಟ್ಟಿ ಎಳೆದು ನಿಲ್ಲಿಸಿದರೆ ಅದೂ ನಿಲ್ಲುತ್ತದೆ. ಆದರೆ ಬಂಪರ್‌ನ ಕೆಳ ಅಂಚಿನಲ್ಲಿ ತಂತಿ ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ. ತಂತಿ ಬಿಚ್ಚುವಾಗ ಅಕ್ಕಪಕ್ಕದ ಬಣ್ಣವೂ ಎದ್ದು ಬರುತ್ತದೆ. ಇದರ ಜೊತೆ ಮೇಲಿನ ಧೂಳು ಬೇರೆ. ಜಂತಿ ಒಂದು ಚೂರು ಅಲುಗಿದರೂ ಅಲ್ಲಿದ್ದ ಕಸ ನೇರವಾಗಿ ಹಸಿ ಕ್ಲಿಯರ್ ಮೇಲೆ. ಕೆಳಗಿನ ಧೂಳನ್ನು ನೆಲಕ್ಕೆ ನೀರು ಚಿಮುಕಿಸಿ ಅಡಗಿಸಬಹುದು. ಮೇಲಿನದಕ್ಕೆ ಏನು ಮಾಡೋದು? ತಾರಸಿಯಲ್ಲಿ ನೇತುಹಾಕುವ ಮಾತೇ ಬೇಡ, ಅಲ್ಲಿ ಗಾಳಿಯೂ ಸೇರಿಕೊಳ್ಳುತ್ತದೆ.

ಬಕೆಟ್ ಅಥವಾ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಭಾಗವನ್ನು ಕೂರಿಸುವುದು ಎರಡನೇ ದಾರಿ. ಇಲ್ಲಿ ಅಲುಗಾಟ ಇಲ್ಲ. ವೀಲ್ ಕ್ಯಾಪ್‌ಗೆ ಇದು ಸಾಕು, ಸುಮ್ನೆ ಬೇರೆ ತಲೆಬಿಸಿ ಬೇಡ. ಬಂಪರ್‌ಗೆ ಮಾತ್ರ ಆಗಿಬರುವುದಿಲ್ಲ. ಬಂಪರ್ ಮಲಗಿದ ಸ್ಥಿತಿಯಲ್ಲಿರುತ್ತದೆ, ಹೊಡೆಯುವವರು ಬೆನ್ನು ಬಗ್ಗಿಸಿ ನಿಲ್ಲಬೇಕು. ಡಬ್ಬಿಯನ್ನು ಪೂರ್ತಿ ಕೆಳಮುಖ ಮಾಡಿದರೆ ಬಣ್ಣ ಸರಿಯಾಗಿ ಬರುವುದಿಲ್ಲ, ಹನಿ ಉಗುಳುತ್ತದೆ. ಕೆಳ ಅಂಚಿಗೆ ಬಣ್ಣ ತಲುಪುವುದಿಲ್ಲ. ಹೊಡೆದ ಬಣ್ಣದ ಮಂಜು ನೆಲಕ್ಕೆ ಬಡಿದು ವಾಪಸ್ ಬಂದು ಅಂಚಿನಲ್ಲಿ ಒರಟಾಗಿ ಕೂರುತ್ತದೆ.

ಸಿಲ್ವರ್‌ನಂಥ ಮೆಟಾಲಿಕ್ ಬಣ್ಣಕ್ಕೆ ಇನ್ನೊಂದು ಮಾತಿದೆ. ಭಾಗ ಕಾರಿನಲ್ಲಿ ಹೇಗೆ ನಿಲ್ಲುತ್ತದೋ ಹಾಗೇ ನಿಲ್ಲಿಸಿ ಬಣ್ಣ ಹೊಡೆಯಬೇಕು. ಮಲಗಿಸಿ ಹೊಡೆದಾಗ ಚೂರುಗಳು ಬೇರೆ ಥರ ಕೂತು, ಕಾರಿಗೆ ಹಾಕಿದ ಮೇಲೆ ಪಕ್ಕದ ಫೆಂಡರ್‌ಗಿಂತ (ಚಕ್ರದ ಮೇಲಿನ ತಗಡು) ಒಂದು ಛಾಯೆ ಆಚೀಚೆ ಕಾಣಬಹುದು. ಡಬ್ಬಿಯಲ್ಲಿರುವ ಬಣ್ಣ ಸರಿಯಾಗೇ ಇರುತ್ತದೆ, ನಾವು ಅಂಗಡಿಯವನನ್ನು ಬೈಯುತ್ತೇವೆ.

ಮೊಳೆ ಹಲಗೆ ಚಪ್ಪಟೆ ಭಾಗಕ್ಕೆ ಚೆನ್ನ. ಒಂದು ಹಲಗೆಗೆ ಹಿಂದಿನಿಂದ ಮೊಳೆ ಹೊಡೆದು ತುದಿಗಳು ಮೇಲೆ ಬರುವಂತೆ ಮಾಡಿ, ಅದರ ಮೇಲೆ ಇಡುವುದು. ಅಷ್ಟೇ.

ಕನ್ನಡಿ ಕವರ್‌ಗೆ ನಾನು ಬಳಸುವುದು ಮರಳು ತುಂಬಿದ ಒಂದು ಲೀಟರ್ ನೀರಿನ ಬಾಟಲಿ. ಕವರ್‌ನ ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ, ಮಾಸ್ಕಿಂಗ್ ಟೇಪ್‌ನಿಂದ ಬಾಟಲಿಯ ಕತ್ತಿಗೆ ಬಿಗಿಯಾಗಿ ಸುತ್ತಬೇಕು. ಬಾಟಲಿಯನ್ನು ಕೈಯಲ್ಲೇ ಹಿಡಿದು ತಿರುಗಿಸಿಕೊಂಡು ಹೊಡೆಯಬಹುದು, ಆಮೇಲೆ ಹಾಗೇ ಒಣಗಲು ಇಡಬಹುದು. ಟೇಪ್ ಅಂಚಿನ ಹೊರಗೆ ಇಣುಕಬಾರದು. ಎರಡೂ ಬದಿಗೆ ಅಂಟಿರುವ ಡಬಲ್ ಟೇಪ್ ನಂಬಬೇಡಿ. ಪ್ರೈಮರ್‌ನ ಥಿನ್ನರ್ ತಾಗಿದರೆ ಅದರ ಅಂಟು ಮೆತ್ತಗಾಗಿ ಭಾಗ ಮೆಲ್ಲಗೆ ಜಾರುತ್ತದೆ.

ಇನ್ನು ನನ್ನ ಸ್ಟ್ಯಾಂಡ್. ಮುಕ್ಕಾಲು ಇಂಚಿನ ಪಿವಿಸಿ ಪೈಪ್ 20 ಅಡಿ ಬೇಕು. 6 ಎಲ್ಬೋ (ಮೂಲೆಯ ಜೋಡಣೆ), 4 ಟೀ (ಮೂರು ಪೈಪ್ ಸೇರಿಸುವ ಜೋಡಣೆ), 2 ಎಂಡ್ ಕ್ಯಾಪ್. ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲ ಸೇರಿ ಸುಮಾರು 700 ರೂಪಾಯಿ ಆಯಿತು. ಈ ಕಾರಿಗಾಗಿ ನಾನು ಕೊಟ್ಟ ದುಡ್ಡಿನಲ್ಲಿ ಇಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ. ನೆಲಕ್ಕೆ 3 ಅಡಿ ಅಗಲ, 2 ಅಡಿ ಆಳದ ಚೌಕಟ್ಟು. ಎರಡೂ ಪಕ್ಕದ ಮಧ್ಯದಿಂದ 3 ಅಡಿಯ ಕಂಬ ಏಳುತ್ತದೆ. ಕಂಬಗಳ ನಡುವೆ ಒಂದು ಅಡ್ಡ ಪೈಪ್. ಕಂಬದ ತುದಿಯಲ್ಲಿ ಎಲ್ಬೋ ಹಾಕಿ ಮುಂದಕ್ಕೆ ಅರ್ಧ ಅಡಿಯ ತೋಳು. ಆ ತೋಳುಗಳ ಮೇಲೆ ಬಂಪರ್‌ನ ಒಳಭಾಗ ಕೂರುತ್ತದೆ. ಬೋಲ್ಟ್ ಹಾಕುವ ತೂತುಗಳಲ್ಲಿ ಕೇಬಲ್ ಟೈ ತೂರಿಸಿ ತೋಳಿಗೆ ಬಿಗಿದರೆ ಕಾರಿನಲ್ಲಿ ಕೂತ ಹಾಗೇ ಕೂರುತ್ತದೆ. ಕಾಣುವ ಮೇಲ್ಮೈಗೆ ಏನೂ ತಾಗುವುದಿಲ್ಲ. ನೆಟ್ಟಗೆ ನಿಂತು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಸಮ ನಡೆದುಕೊಂಡು ಹೊಡೆಯಬಹುದು. ಸಿಲ್ವರ್‌ಗೆ ಪಟ್ಟೆ ಬೀಳದೆ ಇರುವುದು ಇದರಿಂದಲೇ.

ತೋಳು ಅರ್ಧ ಅಡಿಗಿಂತ ಉದ್ದ ಬೇಡ, ಭಾರ ಮುಂದಕ್ಕೆ ಹೋಗುತ್ತದೆ. ಪೈಪ್ ಹಗುರ ಆದ್ದರಿಂದ ಚೌಕಟ್ಟಿನ ಹಿಂಬದಿಗೆ ಎರಡು ಇಟ್ಟಿಗೆ ಹೇರಿ. ಕಾರಿನಿಂದ ಬಿಚ್ಚಿದ ಬಂಪರ್‌ನ ಎರಡು ತುದಿ ಅಗಲಕ್ಕೆ ಬಾಯಿ ಬಿಡುತ್ತವೆ. ಒಳಗಡೆಯಿಂದ ತುದಿಯಿಂದ ತುದಿಗೆ ಒಂದು ದಾರ ಕಟ್ಟಿದರೆ ಆಕಾರ ಉಳಿಯುತ್ತದೆ, ಸ್ಪ್ರೇ ತಾಗಿದಾಗ ತುದಿ ನಡುಗುವುದೂ ಇಲ್ಲ.

ಜೋಡಣೆಗೆ ಸಲ್ಯೂಷನ್ (ಪೈಪಿನ ಅಂಟು) ಹಚ್ಚಬೇಡಿ. ಕೈಯಲ್ಲಿ ಒತ್ತಿ ಕೂರಿಸಿದರೆ ಸಾಕಷ್ಟು ಗಟ್ಟಿ ಇರುತ್ತದೆ. ನಮ್ಮದು ಬಾಡಿಗೆ ಮನೆ, ಜಾಗ ಕಡಿಮೆ. ಕೆಲಸ ಮುಗಿದ ಮೇಲೆ ಬಿಚ್ಚಿ ಕಟ್ಟಿ ಅಟ್ಟಕ್ಕೆ ಹಾಕುತ್ತೇನೆ. ನಾನು ಹೊಡೆಯುವುದೂ ನಿಧಾನ. ಒಂದು ತೆಳು ಕೋಟ್, ಸುಮಾರು ಹತ್ತು ನಿಮಿಷ ಬಿಡುವು, ಮತ್ತೊಂದು. ಅಷ್ಟು ಹೊತ್ತೂ ಭಾಗ ಒಂದೇ ಕಡೆ ಅಲುಗದೆ ನಿಲ್ಲುವುದು ನನಗೆ ಮುಖ್ಯ. ಒಂದೇ ಸಲ ಒಂದು ಚಿಕ್ಕ ಬ್ರಾಕೆಟ್‌ಗೆ ಬಣ್ಣ ಹೊಡೆದು ಮುಗಿಸುವವರಿಗೆ 700 ರೂಪಾಯಿ ಖರ್ಚು ಬೇಕಿಲ್ಲ, ತಂತಿಯೇ ಸಾಕು. ವೈಪರ್ ಕೈಗೆ ಕಪ್ಪು ಹೊಡೆಯುವಾಗ ನಾನೂ ತಂತಿಯನ್ನೇ ಕಟ್ಟುತ್ತೇನೆ.

ಸ್ಟ್ಯಾಂಡ್ ಮೇಲೆ ಬಿದ್ದ ಬಣ್ಣವನ್ನು ಥಿನ್ನರ್ ಹಾಕಿ ಒರೆಸಬೇಡಿ. ಪಿವಿಸಿ ಮೆತ್ತಗಾಗಿ ಅಂಟಂಟಾಗುತ್ತದೆ. ತೋಳುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್ ಸುತ್ತಿಟ್ಟರೆ, ಕೆಲಸ ಮುಗಿದ ಮೇಲೆ ಟೇಪ್ ಕಿತ್ತೆಸೆದರೆ ಆಯಿತು.